ಮೂರು ಸಲ ಬೀಗ ನೋಡುವ ಆಫೀಸರ್

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಸರ್ಕಾರಿ ಬ್ಯಾಂಕಿನ ಶಾಖೆಯೊಂದರ ಮ್ಯಾನೇಜರ್. ವಯಸ್ಸು 46. ನನ್ನನ್ನೂ ಸೇರಿಸಿ ಏಳು ಜನ ಇದ್ದೇವೆ. ಅದರಲ್ಲಿ 33 ವರ್ಷದ ಒಬ್ಬ ಆಫೀಸರ್ ಇದ್ದಾರೆ. ಚಿನ್ನದ ಸಾಲ, ಬೆಳೆ ಸಾಲ ಎರಡೂ ಅವರದೇ. ಎರಡು ವರ್ಷದ ಹಿಂದೆ ಅವರು ಬಂದಾಗ ಶಾಖೆಗೆ ಜೀವ ಬಂದ ಹಾಗಿತ್ತು. ರೈತರು ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದರು. ಈಗ ನಾಲ್ಕೈದು ತಿಂಗಳಿಂದ ಮನುಷ್ಯ ಬೇರೆಯೇ ಆಗಿದ್ದಾರೆ. ಬೆಳಿಗ್ಗೆ ಎಂಟೂವರೆಗೇ ಬರುತ್ತಾರೆ, ರಾತ್ರಿ ಒಂಬತ್ತಾದರೂ ಏಳುವುದಿಲ್ಲ. ಆದರೂ ಕೆಲಸ ಮುಗಿಯುವುದಿಲ್ಲ. ಎಷ್ಟೋ ದಿನ ಊಟದ ಡಬ್ಬಿ ತೆಗೆಯುವುದೇ ಇಲ್ಲ. ಹೋದ ತಿಂಗಳು ಪಿಂಚಣಿ ವಿಚಾರಿಸಲು ಬಂದ ಅಜ್ಜಿಯೊಬ್ಬರ ಮೇಲೆ ಎಲ್ಲರೆದುರು ರೇಗಿದರು. ಆಮೇಲೆ ಒಳಗೆ ಹೋಗಿ ಸುಮ್ಮನೆ ಕೂತುಬಿಟ್ಟರು. ಸಂಜೆ ಸೇಫ್ ಮುಚ್ಚಿದ ಮೇಲೆ ಮೂರು ಸಲ ವಾಪಸ್ ಹೋಗಿ ಹಿಡಿ ಎಳೆದು ನೋಡುತ್ತಾರೆ. ಒಂದು ಭಾನುವಾರ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, 'ಮೇಡಂ, ಶನಿವಾರದ ಕೊನೇ ಚಿನ್ನದ ಚೀಲದ ನಂಬರ್ ರಿಜಿಸ್ಟರಿನಲ್ಲಿ ಬರೆದಿದ್ದೆನಾ?' ಅಂದರು. ಬರೆದಿದ್ದರು, ನಾನೇ ನೋಡಿದ್ದೆ.

ಹೆಂಡತಿ, ಪುಟ್ಟ ಮಗಳು ಮೈಸೂರಿನಲ್ಲಿದ್ದಾರೆ. ಎರಡನೇ, ನಾಲ್ಕನೇ ಶನಿವಾರ ರಜೆ ಬಂತೆಂದರೆ ಶುಕ್ರವಾರ ರಾತ್ರಿ ರೈಲು ಹತ್ತುತ್ತಿದ್ದವರು ಈಗ ತಿಂಗಳಿಗೊಮ್ಮೆಯೂ ಹೋಗುತ್ತಿಲ್ಲ. ನಾನು, 'ತಲೆ ಕೆಡಿಸ್ಕೋಬೇಡಿ, ಯೋಗ ಮಾಡಿ, ಎಲ್ಲಾ ಸರಿಹೋಗುತ್ತೆ' ಅಂದೆ. 'ಆಯ್ತು ಮೇಡಂ' ಅಂದರು, ಅಷ್ಟೇ. ಇದು ಖಿನ್ನತೆಯಾ? ಬರ್ನ್‌ಔಟ್ ಅಂತಾರಲ್ಲ, ಅದಾ? ನೇರವಾಗಿ ಕೇಳಿದರೆ ನೊಂದುಕೊಳ್ಳುತ್ತಾರಾ? ಕೆಲಸ ಕಡಿಮೆ ಮಾಡಿದರೆ ಅವಮಾನ ಅಂದುಕೊಂಡರೆ? ಪ್ರಾದೇಶಿಕ ಕಚೇರಿಗೆ ತಿಳಿಸಬೇಕಾ? ಟಾರ್ಗೆಟ್ ಇಳಿಸುವುದು ನನ್ನ ಕೈಯಲ್ಲಿಲ್ಲ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ನಾನೇ ಹೊಣೆಯಾ? ನಿಜ ಹೇಳಬೇಕೆಂದರೆ ನನಗೂ ಸಾಕಾಗಿದೆ.

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಆ ಭಾನುವಾರ ರಾತ್ರಿಯ ಫೋನಿನ ವಿಷಯ. ಅಷ್ಟು ಹೊತ್ತಿನಲ್ಲಿ ಮ್ಯಾನೇಜರಿಗೆ ಫೋನ್ ಮಾಡುವಷ್ಟು ಹೆದರಿದ್ದಾರೆ ಅನ್ನುವುದು ಒಂದು. ಮಾಡಿದ್ದು ನಿಮಗೇ ಅನ್ನುವುದು ಇನ್ನೊಂದು. ಅವರಿಗೆ ನಿಮ್ಮ ಮೇಲೆ ಇನ್ನೂ ನಂಬಿಕೆ ಇದೆ. ಅದು ಇರುವಾಗಲೇ ಕೈ ಹಾಕಬೇಕು.

ನೀವು ಕೇಳಿದ್ದು ಬಹಳ ಪ್ರಶ್ನೆ. ಆದರೆ ಒಳಗಿರುವ ಆತಂಕ ಎರಡು. ಇದು ಕಾಯಿಲೆಯಾ, ಕೆಲಸದ ದಣಿವಾ? ಟಾರ್ಗೆಟ್ ನನ್ನ ಕೈಯಲ್ಲಿ ಇಲ್ಲದಿರುವಾಗ ನಾನು ಮಾಡುವಂಥದ್ದು ಏನಾದರೂ ಉಳಿದಿದೆಯಾ? ಎರಡನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇದೆ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇದೆ. ಆದರೆ ಅದು ಸಮಾಧಾನದ ಮಾತಿನಲ್ಲಿಲ್ಲ. ಅವರ ಮೇಜಿನಿಂದ ಒಂದು ಕೆಲಸ ಎತ್ತಿ ಬೇರೆ ಕಡೆ ಇಡುವುದರಲ್ಲಿದೆ.

ಬರ್ನ್‌ಔಟ್ ಅನ್ನುವ ಮಾತನ್ನು ಈ ಅರ್ಥದಲ್ಲಿ 1974ರಲ್ಲಿ ಚಾಲ್ತಿಗೆ ತಂದವರು ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಅವರು ಒಂದು ಉಚಿತ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಹುರುಪಿನಿಂದ ಬಂದ ಸ್ವಯಂಸೇವಕರು ಕೆಲವು ತಿಂಗಳಲ್ಲಿ ಬತ್ತಿಹೋಗುವುದನ್ನು ಕಣ್ಣಾರೆ ನೋಡಿದರು, ಕೊನೆಗೆ ತಾವೂ ಹಾಗೇ ಆದರು. ಗಮನಿಸಿ, ಇದು ಸೋಮಾರಿಗಳನ್ನು ನೋಡಿ ಹುಟ್ಟಿದ ಪದ ಅಲ್ಲ. ಮೈಮುರಿದು ದುಡಿದವರನ್ನು ನೋಡಿ ಹುಟ್ಟಿದ್ದು. ಕನ್ನಡದಲ್ಲಿ ನಾನು 'ಬತ್ತಿಹೋಗುವುದು' ಅಂತಲೇ ಹೇಳುತ್ತೇನೆ. ಊರಿನ ಸಿಹಿನೀರಿನ ಬಾವಿ ನೆನಪಿದೆಯಾ? ನೀರು ಚೆನ್ನಾಗಿದೆ ಅಂತ ಎಲ್ಲರೂ ಅದೇ ಬಾವಿಗೆ ಕೊಡ ಇಳಿಸುತ್ತಾರೆ. ಬತ್ತುವುದೂ ಅದೇ ಬಾವಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟಿತು. ಇದು ಕಾಯಿಲೆಯಲ್ಲ. ಕೆಲಸದ ಜಾಗದ ಒತ್ತಡ ಬಹಳ ಕಾಲ ಹಾಗೇ ಉಳಿದು, ಅದನ್ನು ಯಾರೂ ಸರಿಮಾಡದೇ ಹೋದಾಗ ಆಗುವ ಸ್ಥಿತಿ. ಲಕ್ಷಣ ಮೂರು. ಶಕ್ತಿ ಉಡುಗಿಹೋಗುವುದು. ಕೆಲಸದಿಂದ ಮನಸ್ಸು ದೂರ ಸರಿದು, ಅದರ ಬಗ್ಗೆ ಕಹಿ ತುಂಬಿಕೊಳ್ಳುವುದು. ನನ್ನ ಕೈಯಲ್ಲಿ ಏನೂ ಆಗುವುದಿಲ್ಲ ಅನಿಸುವುದು. ಈಗ ನಿಮ್ಮ ಆಫೀಸರನ್ನು ನೋಡಿ. ಹನ್ನೆರಡು ಗಂಟೆ ಕೂತರೂ ಕೆಲಸ ಮುಗಿಯುವುದಿಲ್ಲ. ರೈತರ ಜೊತೆ ನಗುನಗುತ್ತಾ ಇದ್ದವರು ಅಜ್ಜಿಯ ಮೇಲೆ ರೇಗುತ್ತಾರೆ. ತಾವೇ ಬರೆದ ನಂಬರಿನ ಮೇಲೆ ತಮಗೇ ನಂಬಿಕೆ ಇಲ್ಲ. ಮೂರೂ ಕಾಣುತ್ತಿವೆ. ಹಾಗಂತ ಪತ್ರ ಓದಿ ಇದೇ ಅಂತ ನಾನು ಹೇಳಲಾರೆ, ಹೇಳಬಾರದು ಕೂಡ.

ಯಾಕೆಂದರೆ ಖಿನ್ನತೆಯೂ ಹೊರಗಿನಿಂದ ಹೀಗೇ ಕಾಣುತ್ತದೆ. ನಾನು ಮಾತಾಡಿಸುವಾಗ ಹುಡುಕುವ ವ್ಯತ್ಯಾಸ ಒಂದಿದೆ. ಬರೀ ಕೆಲಸದ ದಣಿವಾದರೆ, ಕೆಲಸದಿಂದ ದೂರ ಹೋದಾಗ ಸ್ವಲ್ಪವಾದರೂ ಹಗುರ ಅನಿಸುತ್ತದೆ. ಮಗಳು ಮಾತಾಡಿದರೆ ನಗು ಬರುತ್ತದೆ, ಊಟ ರುಚಿಸುತ್ತದೆ. ಖಿನ್ನತೆಯಾದರೆ ಅದು ಮನೆಗೂ ಬರುತ್ತದೆ, ರೈಲಿಗೂ ಬರುತ್ತದೆ. ಯಾವುದೂ ಬೇಡ ಅನ್ನಿಸುವುದು, ನಿದ್ದೆ ಕೆಡುವುದು, ನಾನು ಯಾರಿಗೂ ಬೇಡದವನು ಅನಿಸುವುದು ಎರಡು ವಾರಕ್ಕೂ ಮೇಲೆ ದಿನವಿಡೀ ಇದ್ದರೆ ವೈದ್ಯರು ನೋಡಲೇಬೇಕು. ನಿಮ್ಮ ಪತ್ರದಲ್ಲಿ ನನಗೆ ಕಳವಳ ಹುಟ್ಟಿಸಿದ ಸಾಲು ಅಜ್ಜಿಯದ್ದಲ್ಲ, ಬೀಗದ್ದೂ ಅಲ್ಲ. ಮೈಸೂರಿಗೆ ಹೋಗುವುದನ್ನು ಬಿಟ್ಟಿದ್ದಾರೆ ಅನ್ನುವುದು. ಕೆಲಸ ಬಾಕಿ ಇದೆ ಅಂತ ಹೋಗುತ್ತಿಲ್ಲವೋ, ಹೋಗಲು ಮನಸ್ಸೇ ಇಲ್ಲವೋ? ಇದನ್ನು ನೀವೇ ಕೇಳಿ ತಿಳಿದುಕೊಳ್ಳಬೇಕು. ಉತ್ತರದ ಮೇಲೆ ಮುಂದಿನ ದಾರಿ ಬದಲಾಗುತ್ತದೆ.

ಇನ್ನು ಆ ಬೀಗ. ನಿಮ್ಮ ಶಾಖೆಯಲ್ಲಿ ಉಳಿದವರು ಇದನ್ನು ನೋಡಿ ನಗುತ್ತಿರಬಹುದು, ಅಥವಾ 'ಏನೋ ತಲೆ ಕೆಟ್ಟಿದೆ' ಅನ್ನುತ್ತಿರಬಹುದು. ಅದು ಹಾಗಲ್ಲ. ದಿನಾ ಮಾಡುವ ಕೆಲಸವನ್ನು ಕೈ ತಾನಾಗೇ ಮಾಡಿಬಿಡುತ್ತದೆ, ಗಮನ ಬೇರೆಲ್ಲೋ ಇರುತ್ತದೆ. ದಣಿದಾಗ ಇದು ಇನ್ನೂ ಜಾಸ್ತಿ. ಬೀಗ ಹಾಕಿದ್ದು ನಿಜ, ಆದರೆ ಹಾಕಿದ ನೆನಪು ತಲೆಯಲ್ಲಿ ಅಚ್ಚಾಗಿರುವುದಿಲ್ಲ. ಹಾಗಾಗಿ ವಾಪಸ್ ಹೋಗಿ ನೋಡುತ್ತಾರೆ. ತಮಾಷೆ ಅಂದರೆ, ಮತ್ತೆ ಮತ್ತೆ ನೋಡಿದಷ್ಟೂ ಧೈರ್ಯ ಬರುವುದಿಲ್ಲ, ಇದ್ದದ್ದೂ ಹೋಗುತ್ತದೆ. ಮೊದಲನೇ ಸಲ ನೋಡಿದ್ದು, ಮೂರನೇ ಸಲ ನೋಡಿದ್ದು, ನಿನ್ನೆ ನೋಡಿದ್ದು ಎಲ್ಲಾ ಕಲಸಿಹೋಗುತ್ತದೆ. ಅದಕ್ಕೇ ರಾತ್ರಿ ಹನ್ನೊಂದಕ್ಕೆ ಫೋನ್.

ಇದಕ್ಕೆ 'ಅನುಮಾನ ಪಡಬೇಡಿ' ಅಂದರೆ ಪ್ರಯೋಜನವಿಲ್ಲ. ಸೇಫಿಗೆ ಹೇಗೂ ಇಬ್ಬರ ಬೀಗದ ಕೈ ಬೇಕು, ಅಲ್ವಾ? ಮುಚ್ಚುವಾಗ ಇಬ್ಬರೂ ಬಾಯಿಬಿಟ್ಟು ಹೇಳಿ. 'ಇವತ್ತು ಚಿನ್ನದ ಚೀಲ ಹದಿನಾಲ್ಕು, ಕೊನೇ ನಂಬರ್ ಇಷ್ಟು, ಬೀಗ ಬಿತ್ತು, ಹಿಡಿ ಎಳೆದೆ.' ಸಮಯ ಬರೆದು ಇಬ್ಬರೂ ಸಹಿ ಮಾಡಿ. ಒಂದೇ ಸಲ. ಗ್ಯಾಸ್ ಆಫ್ ಮಾಡುವಾಗ 'ಆಫ್ ಮಾಡಿದೆ' ಅಂತ ಗಟ್ಟಿಯಾಗಿ ಹೇಳಿಕೊಳ್ಳುವ ಹೆಂಗಸರು ನಮ್ಮ ಮನೆಗಳಲ್ಲಿ ಇದ್ದಾರೆ. ಜಪಾನಿನ ರೈಲು ಸಿಬ್ಬಂದಿ ಸಿಗ್ನಲ್ಲಿಗೆ ಕೈ ತೋರಿಸಿ ಬಾಯಲ್ಲಿ ಹೇಳುವುದೂ ಇದೇ ಕಾರಣಕ್ಕೆ. ಬಾಯಿ, ಕಣ್ಣು, ಕೈ ಮೂರೂ ಸೇರಿದರೆ ನೆನಪು ಗಟ್ಟಿ ಕೂರುತ್ತದೆ. ಇಷ್ಟಾದ ಮೇಲೂ ತಪಾಸಣೆ ನಿಲ್ಲದಿದ್ದರೆ, ಮನೆಯ ಬಾಗಿಲು, ಗ್ಯಾಸ್, ಫೋನ್ ಹೀಗೆ ಬೇರೆ ಕಡೆಗೂ ಹಬ್ಬುತ್ತಿದ್ದರೆ, ಅದು ಗೀಳು ಕಾಯಿಲೆಯ ಶುರುವಾತು ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಕೆಲವು ತಪ್ಪು ನಂಬಿಕೆಗಳನ್ನು ಇಲ್ಲೇ ಬಿಡಿಸಿಬಿಡೋಣ.

ಗಟ್ಟಿ ಮನಸ್ಸಿನವರಿಗೆ ಹೀಗಾಗುವುದಿಲ್ಲ ಅನ್ನುವುದು ಸುಳ್ಳು. ನನ್ನ ಹತ್ತಿರ ಬಂದವರಲ್ಲಿ ಬಹುಪಾಲು ಜನ ತಮ್ಮ ಕಚೇರಿಯ ಒಳ್ಳೆಯ ಕೆಲಸಗಾರರು. ಎಳೆಯುವ ಎತ್ತಿಗೇ ಭಾರ ಜಾಸ್ತಿ. ನಾಲ್ಕು ದಿನ ರಜೆ ಹಾಕಿದರೆ ಸರಿಹೋಗುತ್ತದೆ ಅನ್ನುವುದು ಅರ್ಧ ಸತ್ಯ. ರಜೆಯಿಂದ ನಿಜವಾಗಿ ಲಾಭ ಆಗುತ್ತದೆ. ಆದರೆ ವಾಪಸ್ ಬಂದಾಗ ಅದೇ ಮೇಜು, ಅದೇ ರಾಶಿ ಇದ್ದರೆ ಆ ಲಾಭ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ.

ಯೋಗ, ಧ್ಯಾನದ ಬಗ್ಗೆ ನಾನು ಮಾತಾಡಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆದರೂ ಹೇಳುತ್ತೇನೆ. ಅವು ಒಳ್ಳೆಯವೇ, ನಾನೂ ಮಾಡುತ್ತೇನೆ. ಆದರೆ ಹನ್ನೆರಡು ಗಂಟೆ ಕೆಲಸ ಮಾಡಿಸಿ 'ಬೆಳಿಗ್ಗೆ ಇಪ್ಪತ್ತು ನಿಮಿಷ ಪ್ರಾಣಾಯಾಮ ಮಾಡಿ' ಅಂದರೆ, ಕೇಳಿದವರಿಗೆ ತಲೆಯ ಮೇಲೆ ಇನ್ನೊಂದು ಕೆಲಸ ಬಿದ್ದ ಹಾಗೆ. ಮೇಲಾಗಿ 'ತಪ್ಪು ನಿನ್ನಲ್ಲಿದೆ, ನೀನೇ ಸರಿಮಾಡಿಕೋ' ಅಂತ ಕೇಳಿಸುತ್ತದೆ. ವರ್ಷಗಳ ಹಿಂದೆ ನಾನೇ ಒಂದು ಕಚೇರಿಗೆ ಒತ್ತಡ ನಿಭಾಯಿಸುವುದು ಹೇಗೆ ಅಂತ ತರಬೇತಿ ಕೊಡಲು ಹೋಗಿದ್ದೆ. ಶನಿವಾರ ಸಂಜೆ ಐದಕ್ಕೆ ಇಟ್ಟಿದ್ದರು. ಅರ್ಧ ಜನ ತೂಕಡಿಸುತ್ತಿದ್ದರು. ಮಧ್ಯದಲ್ಲಿ ಒಬ್ಬರು ಕೈ ಎತ್ತಿ, 'ಸರ್, ಇದಾದ ಮೇಲೆ ಬಾಕಿ ಕೆಲಸ ಮುಗಿಸಿ ಮನೆಗೆ ಹೋಗಬೇಕು, ಸ್ವಲ್ಪ ಬೇಗ ಮುಗಿಸ್ತೀರಾ?' ಅಂದರು. ಆವತ್ತು ನಾನು ಕಲಿತದ್ದು ಅವರಿಗೆ ಕಲಿಸಿದ್ದಕ್ಕಿಂತ ಜಾಸ್ತಿ.

ಹಾಗಾದರೆ ಇದರ ಬೇರು ಎಲ್ಲಿದೆ? ಅಮೆರಿಕದ ಮನಃಶಾಸ್ತ್ರಜ್ಞೆ ಕ್ರಿಸ್ಟೀನಾ ಮಾಸ್ಲಾಕ್ ಇದನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಅವರು, ಅವರ ಸಹೋದ್ಯೋಗಿ ಮೈಕೆಲ್ ಲೈಟರ್ ಸೇರಿ ಆರು ಜಾಗ ಗುರುತಿಸಿದರು. ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಸಿಗುವ ಮನ್ನಣೆ, ಜೊತೆಗಾರರ ಸಂಬಂಧ, ನ್ಯಾಯ, ಮತ್ತು ನಾನು ನಂಬಿದ್ದಕ್ಕೂ ಮಾಡುತ್ತಿರುವುದಕ್ಕೂ ಇರುವ ಹೊಂದಾಣಿಕೆ. ನಾವು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನೋಡುತ್ತೇವೆ. ಹೊರೆ ಜಾಸ್ತಿ ಇದ್ದರೂ ಹಿಡಿತ ತನ್ನ ಕೈಯಲ್ಲಿದ್ದರೆ ಮನುಷ್ಯ ತಡೆದುಕೊಳ್ಳುತ್ತಾನೆ. ಸುಗ್ಗಿಯಲ್ಲಿ ರೈತ ಹದಿನಾರು ಗಂಟೆ ದುಡಿಯುವುದಿಲ್ಲವಾ? ಆದರೆ ಯಾವ ಕೆಲಸ ಮೊದಲು, ಎಲ್ಲಿಗೆ ಬಿಡುವುದು ಅಂತ ಅವನೇ ನಿರ್ಧರಿಸುತ್ತಾನೆ. ಸುಗ್ಗಿ ಮುಗಿಯುತ್ತದೆ ಕೂಡ.

ನಿಮ್ಮ ಶಾಖೆಯಲ್ಲಿ ಸುಗ್ಗಿ ಮುಗಿಯುವುದಿಲ್ಲ. ಚಿನ್ನದ ರೇಟು ಏರಿದ ಹಾಗೆ ಅಡವಿಡುವವರು ಹೆಚ್ಚುತ್ತಾರೆ. ಅಪ್ರೈಸರ್ ಒರೆಗೆ ಹಚ್ಚಿ ನೋಡುವುದು, ತೂಕ, ಚೀಲ, ನಂಬರ್, ಸಹಿ. ಒಂದು ಕಡೆ ಗಮನ ತಪ್ಪಿದರೂ ಲಕ್ಷಗಟ್ಟಲೆ ಹೊಣೆ ಸ್ವಂತ ತಲೆಗೆ. ಅದರ ನಡುವೆ ಕೌಂಟರಿನಿಂದ ಪಾಸ್‌ಬುಕ್ಕಿನ ತಗಾದೆ. ಬೆಳೆ ಸಾಲದ ನವೀಕರಣ. ಇನ್ಶೂರೆನ್ಸ್ ಎಷ್ಟು ಮಾಡಿದಿರಿ ಅಂತ ಪ್ರಾದೇಶಿಕ ಕಚೇರಿಯ ಮೆಸೇಜು. ಸಂಜೆ ವೀಡಿಯೊ ಕಾನ್ಫರೆನ್ಸು. ವಾಟ್ಸ್ಯಾಪ್ ಗುಂಪಿನಲ್ಲಿ ಶಾಖೆಗಳ ರ‍್ಯಾಂಕ್ ಪಟ್ಟಿ, ಕೊನೆಯ ಐದು ಶಾಖೆಗೆ ಕೆಂಪು ಬಣ್ಣ. ಬ್ಯಾಂಕಿನವರು ನನ್ನ ಮುಂದೆ ಅತ್ತದ್ದು ಕೆಲಸ ಜಾಸ್ತಿ ಅಂತ ಅಲ್ಲ. 'ಬೆಳೆ ಸಾಲಕ್ಕೆ ಬಂದ ರೈತನಿಗೆ ಬೇಡದ ಪಾಲಿಸಿ ಹಚ್ಚಿದೆ ಸರ್' ಅಂತ ಅತ್ತವರಿದ್ದಾರೆ. ಆರನೆಯ ಜಾಗ ಅಂದೆನಲ್ಲ, ಅದು ಇದೇ. ನಿಮ್ಮ ಆಫೀಸರ್ ರೈತರಿಗೆ ಬೇಕಾದವರಾಗಿದ್ದರು ಅಂದಿರಿ. ಅಂಥವರಿಗೆ ಇದು ಬೇರೆಯವರಿಗಿಂತ ಜಾಸ್ತಿ ಚುಚ್ಚುತ್ತದೆ.

ಹಾಗಾಗಿ ಮಾತಾಡುವುದಕ್ಕೆ ಮೊದಲು ಒಂದು ಕೆಲಸ ಮಾಡಿ. ಒಂದು ವಾರ, ಅವರ ಮೇಜಿಗೆ ಏನೇನು ಬರುತ್ತದೆ ಅಂತ ಒಂದು ಹಾಳೆಯಲ್ಲಿ ನೀವೇ ಬರೆಯಿರಿ. ಕಾಗದದ ಮೇಲಿರುವ ಕೆಲಸ ಅಲ್ಲ, ನಿಜವಾಗಿ ನಡೆಯುವುದು. ಪ್ರಿಂಟರ್ ಕೆಟ್ಟರೆ ಯಾರನ್ನು ಕರೆಯುತ್ತೀರಿ? ಸಿಸ್ಟಂ ನಿಂತರೆ ಯಾರು ಫೋನ್ ಮಾಡುತ್ತಾರೆ? ಹೊಸ ಹುಡುಗಿಗೆ ಕೆಲಸ ಕಲಿಸುತ್ತಿರುವವರು ಯಾರು? ಜಗಳ ತೆಗೆಯುವ ಗಿರಾಕಿಯನ್ನು ಯಾರ ಹತ್ತಿರ ಕಳಿಸುತ್ತೀರಿ? ನನ್ನ ಅಂದಾಜು, ಅರ್ಧದಷ್ಟು ಸಲ ಅವರ ಹೆಸರೇ ಬರುತ್ತದೆ. 'ಅವರಾದರೆ ಬೇಗ ಆಗುತ್ತೆ' ಅಂತ ನಾವೇ ಕಳಿಸಿರುತ್ತೇವೆ. ಟಾರ್ಗೆಟ್ ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ಈ ಹಾಳೆಯಲ್ಲಿರುವ ಬಹಳಷ್ಟು ನಿಮ್ಮ ಕೈಯಲ್ಲಿದೆ. ಗಂಟೆಯನ್ನೂ ಲೆಕ್ಕ ಹಾಕಿ. ಎಂಟೂವರೆಯಿಂದ ಒಂಬತ್ತು ಅಂದರೆ ವಾರಕ್ಕೆ 60 ಗಂಟೆ ದಾಟುತ್ತದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35%, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಮಾಡಿದವು. ಬರೀ ಮನಸ್ಸಿನ ಮಾತಲ್ಲ ಇದು.

ಈಗ ಮಾತು. ನಿಮ್ಮ ಕ್ಯಾಬಿನ್ನಿಗೆ ಕರೆಯಬೇಡಿ. ಗಾಜಿನ ಆಚೆ ಎಲ್ಲರೂ ನೋಡುತ್ತಿರುತ್ತಾರೆ, 'ಮೇಡಂ ಕರೆದರು' ಅಂದಕೂಡಲೇ ಅರ್ಧ ಜೀವ ಹೋಗಿರುತ್ತದೆ. ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ 'ಬನ್ನಿ, ಚಹಾ ಕುಡಿದು ಬರೋಣ' ಅಂತ ಹೊರಗೆ ಕರೆದುಕೊಂಡು ಹೋಗಿ. ಎದುರುಬದುರು ಕೂರುವುದಕ್ಕಿಂತ ಪಕ್ಕಪಕ್ಕ ನಡೆಯುವಾಗ ಮಾತು ಸಲೀಸಾಗಿ ಬರುತ್ತದೆ. 'ನಿಮಗೆ ಒತ್ತಡ ಜಾಸ್ತಿಯಾಗಿದೆ' ಅಂತ ಶುರು ಮಾಡಬೇಡಿ, ಅದು ತೀರ್ಪಿನ ಹಾಗೆ ಕೇಳಿಸುತ್ತದೆ. ಕಂಡದ್ದನ್ನು ಹೇಳಿ. 'ನೀವು ಡಬ್ಬಿ ತೆಗೆಯುತ್ತಿಲ್ಲ ಅಂತ ನೋಡ್ತಿದ್ದೇನೆ. ಮೈಸೂರಿಗೂ ಹೋಗ್ತಿಲ್ಲ. ಹೇಗಿದ್ದೀರಿ?' ಅಷ್ಟೇ. ಆಮೇಲೆ ಸುಮ್ಮನಿರಿ.

ಈ ಸುಮ್ಮನಿರುವುದೇ ಕಷ್ಟ. ಮೊದಲ ಉತ್ತರ 'ಏನಿಲ್ಲ ಮೇಡಂ, ಚೆನ್ನಾಗಿದ್ದೀನಿ' ಅಂತಲೇ ಬರುತ್ತದೆ. ಆಗ ಮಾತು ತುಂಬಲು ಹೋಗಬೇಡಿ. ಚಹಾ ಮುಗಿಯುವವರೆಗೆ ಕಾಯಿರಿ. 'ನಾನಂತೂ ನೋಡಿ, ಹಿಂದೆ ಕಲಬುರಗಿಯಲ್ಲಿದ್ದಾಗ ಇದಕ್ಕಿಂತ ಜಾಸ್ತಿ ಅನುಭವಿಸಿದ್ದೆ' ಅನ್ನುವ ಕಥೆ ಬೇಡ, ಅದರಿಂದ ಅವರ ಕಷ್ಟ ಸಣ್ಣದಾಗುತ್ತದೆ. ಆವತ್ತು ಏನೂ ಹೇಳದಿದ್ದರೂ ಪರವಾಗಿಲ್ಲ. 'ಇನ್ನೊಂದು ಸಲ ಕೇಳ್ತೀನಿ' ಅಂತ ಹೇಳಿ, ನಾಲ್ಕು ದಿನ ಬಿಟ್ಟು ನಿಜವಾಗಿಯೂ ಕೇಳಿ. ಬಹಳ ಜನ ಎರಡನೇ ಸಲ ಕೇಳಿದಾಗ ಬಾಯಿಬಿಡುತ್ತಾರೆ. ಮೊದಲನೆಯದು ಉಪಚಾರಕ್ಕೆ ಕೇಳಿದ್ದೋ ಅಂತ ಅವರಿಗೆ ಅನುಮಾನ ಇರುತ್ತದೆ. ಒಂದು ಎಚ್ಚರಿಕೆ. ನೀವು ಅವರ ಮೇಲಧಿಕಾರಿ, ವರ್ಷದ ಕೊನೆಗೆ ಅವರ ಕೆಲಸಕ್ಕೆ ಅಂಕ ಹಾಕುವವರು. ಅದನ್ನು ಅವರು ಮರೆಯುವುದಿಲ್ಲ. 'ಈ ಮಾತು ಅಪ್ರೈಸಲ್ಲಿಗೆ ಹೋಗುವುದಿಲ್ಲ' ಅಂತ ಬಾಯಿಬಿಟ್ಟು ಹೇಳಿ, ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ.

ಆಮೇಲೆ ನಿಮ್ಮ ಮುಂದಿರುವ ದಾರಿಗಳು. ಯಾವುದಕ್ಕೂ ಅದರದರ ಅಪಾಯ ಇದೆ.

ಕೆಲಸ ಬದಲಿಸುವುದು ನನ್ನ ಮೊದಲ ಆಯ್ಕೆ. 'ಕಡಿಮೆ ಮಾಡುತ್ತೇನೆ' ಅಂದರೆ ಅವಮಾನ ಆಗಬಹುದು ಅನ್ನುವ ನಿಮ್ಮ ಭಯ ಸರಿಯಾದದ್ದೇ. ಹಾಗಾಗಿ ಆ ಹಾಳೆಯನ್ನು ಅವರ ಮುಂದಿಡಿ. 'ಇದರಲ್ಲಿ ಎರಡನ್ನು ಬೇರೆಯವರಿಗೆ ಕೊಡಲೇಬೇಕು. ಯಾವ ಎರಡು, ನೀವೇ ಹೇಳಿ' ಅನ್ನಿ. ಆಯ್ಕೆ ಅವರದ್ದಾದರೆ ಕಳೆದುಹೋದ ಹಿಡಿತ ಸ್ವಲ್ಪ ವಾಪಸ್ ಬರುತ್ತದೆ. ನಾವು ತಪ್ಪುವುದು ಇಲ್ಲೇ. ಅವರಿಗೆ ಖುಷಿ ಕೊಡುವ ಕೆಲಸವನ್ನೇ ತೆಗೆದುಬಿಡುತ್ತೇವೆ. ಹಳ್ಳಿಗೆ ಹೋಗಿ ರೈತರನ್ನು ಕಾಣುವುದು ಅವರಿಗೆ ಇಷ್ಟವಿದ್ದರೆ ಅದನ್ನು ಉಳಿಸಿ, ಇನ್ಶೂರೆನ್ಸ್ ಫೋನುಗಳನ್ನು ತೆಗೆಯಿರಿ. ಉಳಿದವರು ಗೊಣಗುತ್ತಾರೆ, ಅದು ಗ್ಯಾರಂಟಿ. 'ಅವರಿಗೆ ಏನೋ ಆಗಿದೆ, ಪಾಪ' ಅಂತ ಕಾರಣ ಕೊಡಬೇಡಿ. 'ಒಬ್ಬರ ಮೇಲೇ ಎಲ್ಲಾ ಬಿದ್ದಿತ್ತು, ತಪ್ಪು ನನ್ನದು, ಈಗ ಹಂಚುತ್ತಿದ್ದೇನೆ' ಅಂತ ನಿಮ್ಮ ಮೇಲೆ ಹಾಕಿಕೊಳ್ಳಿ. ಹೊಸ ಹೊರೆ ಇನ್ನೊಬ್ಬ ಒಳ್ಳೆಯ ಕೆಲಸಗಾರರ ತಲೆಗೇ ಹೋಗದ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಆರು ತಿಂಗಳಿಗೆ ಇನ್ನೊಂದು ಪತ್ರ ಬರೆಯುತ್ತೀರಿ.

ಎರಡನೆಯದು ರಜೆ. ಬ್ಯಾಂಕಿನವರಿಗೆ ಇಲ್ಲಿ ಒಂದು ಅನುಕೂಲ ಇದೆ, ಬಹಳ ಜನ ಅದನ್ನು ಹಾಗೆ ನೋಡುವುದೇ ಇಲ್ಲ. ಸೂಕ್ಷ್ಮ ಹುದ್ದೆ ಎಂದು ಬ್ಯಾಂಕ್ ಗುರುತಿಸಿದ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ, ಮುಂಚೆ ತಿಳಿಸದೆ, ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಗೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ 2021ರ ಸೂಚನೆ ಇದೆ. ಆ ದಿನಗಳಲ್ಲಿ ಬ್ಯಾಂಕಿನ ಇಮೇಲ್ ಬಿಟ್ಟರೆ ಕೆಲಸದ ಯಾವ ವ್ಯವಸ್ಥೆಯೂ ಅವರ ಕೈಗೆ ಸಿಗಬಾರದು. ಇದು ದಯೆಯಿಂದ ಮಾಡಿದ ನಿಯಮವಲ್ಲ, ವಂಚನೆ ಹಿಡಿಯಲು ಮಾಡಿದ್ದು. ಆದರೆ ದಣಿದವರಿಗೆ ಇದಕ್ಕಿಂತ ಒಳ್ಳೆಯ ರಜೆ ಸಿಗುವುದಿಲ್ಲ. ನಿಮ್ಮ ಬ್ಯಾಂಕಿನ ಪಟ್ಟಿಯಲ್ಲಿ ಅವರ ಹುದ್ದೆ ಇದೆಯಾ, ಈ ವರ್ಷದ್ದು ಬಾಕಿ ಇದೆಯಾ ನೋಡಿ. ತೊಂದರೆ ಅಂದರೆ, ಈಗಾಗಲೇ ತಮ್ಮ ಮೇಲೆ ತಮಗೇ ಅನುಮಾನ ಇರುವವರಿಗೆ ದಿಢೀರ್ ರಜೆ ಬಂದರೆ 'ನನ್ನ ಮೇಲೆ ಸಂಶಯವಾ?' ಅನಿಸಬಹುದು. ಹಾಗಾಗಿ ಅವರೇ ಒಪ್ಪಿ ಪಿ.ಎಲ್. (ತಮ್ಮ ಖಾತೆಯಲ್ಲಿರುವ ಗಳಿಕೆ ರಜೆ) ಹಾಕುವುದಾದರೆ ಅದು ವಾಸಿ. ಎರಡರಲ್ಲಿ ಯಾವುದೇ ಆಗಲಿ, ಅವರು ಇಲ್ಲದ ದಿನಗಳ ಫೈಲುಗಳನ್ನು ಅವರ ಮೇಜಿನ ಮೇಲೆ ಪೇರಿಸಬೇಡಿ.

ಮೂರನೆಯದು ವೈದ್ಯರು. ಮೊದಲು ಸಾಮಾನ್ಯ ವೈದ್ಯರ ಹತ್ತಿರವೇ ಹೋಗಲಿ. ಥೈರಾಯ್ಡ್ ಕಡಿಮೆ ಇರುವುದು, ರಕ್ತಹೀನತೆ, ಬಿ12 ಕೊರತೆ, ಇವೂ ಹೀಗೇ ಸುಸ್ತು, ಮರೆವು, ಸಿಡುಕು ತರುತ್ತವೆ. ಮನಸ್ಸಿನದ್ದು ಅಂತ ತಿಂಗಳುಗಟ್ಟಲೆ ಮಾತಾಡಿಸಿ, ಕೊನೆಗೆ ರಕ್ತಪರೀಕ್ಷೆಯಲ್ಲಿ ಬಿ12 ಸಿಕ್ಕ ಪ್ರಸಂಗ ನನ್ನ ಅನುಭವದಲ್ಲೂ ಇದೆ. ಮನೋವೈದ್ಯರು ಬೇಕೆಂದರೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತಾರೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ತಾಲ್ಲೂಕು ಆಸ್ಪತ್ರೆಗಳಿಗೂ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುತ್ತಾರೆ. ಅದು ಮಂಗಳವಾರದ ಕ್ಲಿನಿಕ್ ಅಂತಲೇ ಶುರುವಾದದ್ದು. ನಿಮ್ಮ ಊರಿಗೆ ಯಾವ ದಿನ ಅಂತ ವಿಚಾರಿಸಿ. ಚಿಕ್ಕ ಊರಿನಲ್ಲಿ ಬ್ಯಾಂಕ್ ಆಫೀಸರ್ ಆ ಸಾಲಿನಲ್ಲಿ ನಿಂತರೆ ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವ ಸಂಕೋಚ ಇರುತ್ತದೆ, ನನಗೆ ಅರ್ಥವಾಗುತ್ತದೆ. ಅಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದು 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಕೊಟ್ಟಿರುವ ಹಕ್ಕು.

ಪ್ರಾದೇಶಿಕ ಕಚೇರಿಗೆ ತಿಳಿಸುವ ಪ್ರಶ್ನೆಗೆ ನನ್ನ ಉತ್ತರ, ಅವರ ಹೆಸರು ಹಿಡಿದು ಬೇಡ. ಅವರನ್ನು ಕೇಳದೆ ಅಂತೂ ಬೇಡವೇ ಬೇಡ. ಒಳ್ಳೆಯ ಉದ್ದೇಶಕ್ಕೆ ಬರೆದ ಒಂದು ಸಾಲು ಕಡತದಲ್ಲಿ ಕೂತು, ಮುಂದೆ ಬಡ್ತಿಯ ಹೊತ್ತಿಗೆ ಎದುರಾದದ್ದನ್ನು ನಾನು ನೋಡಿದ್ದೇನೆ. ಬೇಡದ ಊರಿಗೆ ವರ್ಗ ಆಗುವುದೂ ಇದೆ. ಹೆಸರಿಲ್ಲದೆ ಬರೆಯಿರಿ. 'ಚಿನ್ನದ ಸಾಲದ ಖಾತೆ ಇಷ್ಟಾಗಿದೆ, ಇಬ್ಬರು ಮಾಡುವ ಕೆಲಸ ಒಬ್ಬರು ಮಾಡುತ್ತಿದ್ದಾರೆ, ತಪ್ಪಾಗುವ ಅಪಾಯ ಇದೆ, ಇನ್ನೊಬ್ಬರು ಬೇಕು.' ದಣಿವು ಅಂದರೆ ಮೇಲಿನವರಿಗೆ ಕೇಳಿಸದೆ ಹೋಗಬಹುದು, ಅಪಾಯ ಅಂದರೆ ಕೇಳಿಸುತ್ತದೆ. ಕೊಡದೇ ಇರಬಹುದು, ಆದರೂ ಪತ್ರ ದಾಖಲೆಯಲ್ಲಿ ಇರಲಿ. ಹೆಂಡತಿ ಊರಿನ ಹತ್ತಿರಕ್ಕೆ ವರ್ಗ ಬೇಕು ಅಂತ ಅವರೇ ಕೇಳಿದರೆ ಮಾತ್ರ ಜೋರಾಗಿ ಶಿಫಾರಸು ಮಾಡಿ.

ಒಂದು ಸಂದರ್ಭದಲ್ಲಿ ಮಾತ್ರ ಈ ಗುಟ್ಟು, ಸಂಕೋಚ ಎಲ್ಲಾ ಪಕ್ಕಕ್ಕಿಡಬೇಕು. 'ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು' ಅನ್ನುವಂಥ ಮಾತು, ಇದ್ದಕ್ಕಿದ್ದ ಹಾಗೆ ತಮ್ಮ ವಸ್ತುಗಳನ್ನು ಹಂಚುವುದು, ಕುಡಿತ ಹೆಚ್ಚಾಗುವುದು, ತುಂಬಾ ದಿನದ ಕಳವಳದ ನಂತರ ಕಾರಣವಿಲ್ಲದೆ ಶಾಂತವಾಗಿಬಿಡುವುದು. ಇಂಥದ್ದು ಕಂಡರೆ ನೇರವಾಗಿ ಕೇಳಿ. 'ಸಾಯಬೇಕು ಅನ್ನುವ ಯೋಚನೆ ಬರುತ್ತಿದೆಯಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಬಹಳ ಹಳೆಯ ತಪ್ಪು ನಂಬಿಕೆ. ಹಾಗಾಗುವುದಿಲ್ಲ. ಎಷ್ಟೋ ಜನ ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ. ಹೌದು ಅಂದರೆ ಅವತ್ತು ಅವರನ್ನು ಒಬ್ಬರೇ ರೂಮಿಗೆ ಕಳಿಸಬೇಡಿ. ಮನೆಯವರಿಗೆ ಫೋನ್ ಮಾಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೀವು ಹೊಣೆಯಾ ಅಂದಿರಿ. ಕೇಳುವುದು, ಕೆಲಸ ಹಂಚುವುದು, ದಾರಿ ತೋರಿಸುವುದು ನಿಮ್ಮ ಹೊಣೆ. ಅವರನ್ನು ಗುಣಪಡಿಸುವುದು ನಿಮ್ಮ ಹೊಣೆ ಅಲ್ಲ. ನೀವು ಅವರ ಡಾಕ್ಟರೂ ಅಲ್ಲ, ತಾಯಿಯೂ ಅಲ್ಲ. ಈ ಗೆರೆ ಎಳೆದುಕೊಳ್ಳದಿದ್ದರೆ ಮುಂದಿನ ಬಾವಿ ನೀವೇ. 'ನನಗೂ ಸಾಕಾಗಿದೆ' ಅಂತ ಕೊನೆಯಲ್ಲಿ ಒಂದೇ ಸಾಲು ಬರೆದು ಮುಗಿಸಿದ್ದೀರಿ. ಆ ಹಾಳೆಯ ಹಿಂದುಗಡೆ ನಿಮ್ಮ ಒಂದು ವಾರವನ್ನೂ ಬರೆಯಿರಿ. ರಾತ್ರಿ ಒಂಬತ್ತರವರೆಗೆ ಅವರು ಕೂರುವುದು ನಿಮಗೆ ಗೊತ್ತಿದೆ ಅಂದರೆ ನೀವೂ ಅಲ್ಲೇ ಇರುತ್ತೀರಿ ಅಂತ ಆಯಿತು. ಮ್ಯಾನೇಜರ್ ಏಳುವವರೆಗೆ ಆಫೀಸರ್ ಏಳುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಆರೂವರೆಗೆ ಬ್ಯಾಗ್ ಹಿಡಿದು, ಎಲ್ಲರಿಗೂ ಕಾಣುವ ಹಾಗೆ, ಹೊರಡಿ. ಪ್ರಾದೇಶಿಕ ಕಚೇರಿಯ ಮೆಸೇಜನ್ನು ರಾತ್ರಿಯೇ ಶಾಖೆಯ ಗುಂಪಿಗೆ ದಾಟಿಸುವ ಅಭ್ಯಾಸ ಇದ್ದರೆ ನಿಲ್ಲಿಸಿ. ಬೆಳಿಗ್ಗೆ ಹತ್ತಕ್ಕೆ ಹಾಕಿದರೂ ಅದೇ ಟಾರ್ಗೆಟ್ಟೇ.

ಇವತ್ತೇ ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳುತ್ತೇನೆ. ಸೇಫಿನ ಬೀಗದ ಕೈ ಅವರ ಹತ್ತಿರವೇ ಇರುತ್ತದೆ, ಅಲ್ವಾ? ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಮೈಸೂರಿಗೆ ಹೋಗುವ ಹಾಗಿಲ್ಲ. ಯಾರಿಗೆ ಒಪ್ಪಿಸುವುದು, ರಿಜಿಸ್ಟರಿನಲ್ಲಿ ಯಾರು ಬರೆಯುವುದು, ಬ್ಯಾಂಕಿನ ನಿಯಮದ ಪ್ರಕಾರ ಇನ್ನೊಬ್ಬರು ಯಾರು ತೆಗೆದುಕೊಳ್ಳಬಹುದು ಅನ್ನುವುದೇ ತೀರ್ಮಾನ ಆಗದೆ ಎಷ್ಟೋ ಜನ ರಜೆ ಬಿಟ್ಟಿರುತ್ತಾರೆ. ಮುಂದಿನ ಎರಡನೇ ಶನಿವಾರದ ಹಿಂದಿನ ದಿನ ಆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಈಗಲೇ ಬರೆದಿಡಿ. ಅವರಿಗೂ ತಿಳಿಸಿ, ಅವರ ಮುಂದೆಯೇ ರೈಲಿನ ಟಿಕೆಟ್ ತೆಗೆಸಿ. ಆ ಶುಕ್ರವಾರ ಅವರು ಹೊರಟರಾ ಇಲ್ಲವಾ ಅಂತ ನನಗೆ ಬರೆಯಿರಿ.